ಗಾಯಗೊಂಡ ಬೆಕ್ಕಿಗೆ ಮಲೆನಾಡಿನ ಅಂಗಳದಲ್ಲೊಂದು ಭದ್ರ ಗೂಡು: ಜಾಗ ಆರಿಸುವುದರಿಂದ ಬಾಗಿಲು ತೆರೆಯುವವರೆಗೆ

ಹೋದ ವರ್ಷ ಆರಿದ್ರಾ ಮಳೆ ಹಿಡಿದ ಮೂರನೇ ದಿನ ನಮ್ಮ ಬೆಳ್ಳಿ ಮನೆ ಮುಂದಿನ ರಸ್ತೆಯಲ್ಲಿ ಪಿಕಪ್ ವ್ಯಾನಿಗೆ ಸಿಕ್ಕಿಬಿದ್ದಳು. ಹಿಂಗಾಲು ಎಳೆದುಕೊಂಡು ಸೌದೆ ಕೊಟ್ಟಿಗೆಗೆ ಹೋಗಿ ಅಡಗಿದ್ದಳು. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಿಂದ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದಾಗ ಸೊಂಟದ ಮೂಳೆ ಎರಡು ಕಡೆ ಬಿಟ್ಟಿತ್ತು. "ಆಪರೇಷನ್ ಬೇಡ. ಐದು ವಾರ ಜಿಗಿಯೋಕೆ, ಹತ್ತೋಕೆ ಬಿಡಬೇಡಿ. ಅಷ್ಟು ನೋಡಿಕೊಂಡ್ರೆ ತಾನಾಗೇ ಕೂಡ್ತದೆ" ಎಂದರು ಡಾಕ್ಟರು.

ಬೆಳ್ಳಿ ಹುಟ್ಟಿದ್ದು ಕೊಟ್ಟಿಗೆ ಅಟ್ಟದಲ್ಲಿ. ಅಡುಗೆಮನೆ ಬಾಗಿಲಿಗೆ ಬಂದು ಹಾಲನ್ನ ತಿಂದು ಹೋಗುವವಳೇ ಹೊರತು ಒಳಗೆ ಮಲಗಿದವಳಲ್ಲ. ಕೋಣೆಯಲ್ಲಿ ಕೂಡಿಹಾಕಿದರೆ ಕಿಟಕಿಗೆ ಹಾರುತ್ತಿದ್ದಳು. ಹಾಗಾಗಿ ಹೊರಗೇ ಗೂಡು ಕಟ್ಟಲು ಹೊರಟೆ. ಕನಿಕರಕ್ಕೆ ದೊಡ್ಡದನ್ನೇ ಕಟ್ಟಿದೆ: ಎಂಟು ಅಡಿ ಉದ್ದ, ಆರಡಿ ಎತ್ತರ, ನಡುವೆ ಬೇಜಾರು ಕಳೆಯಲಿ ಎಂದು ಪೇರಲೆ ಮರದ ಕೊಂಬೆ. ಎರಡನೇ ದಿನ ಬೆಳಿಗ್ಗೆ ಅವಳು ಜಾಲರಿ ಹಿಡಿದು ಮೇಲೆ ಹತ್ತಿ ಅಲ್ಲಿಂದ ಬಿದ್ದಳು. ಆ ಕೂಗು ಇನ್ನೂ ಕಿವಿಯಲ್ಲಿದೆ. ಕೂಡುತ್ತಿದ್ದ ಮೂಳೆ ಮತ್ತೆ ಸರಿದಿತ್ತು. ಐದು ವಾರದ ಲೆಕ್ಕ ಮೊದಲಿನಿಂದ ಶುರುವಾಯಿತು.

ಅವತ್ತು ಅಮ್ಮ ಕೇಳಿದ್ದು ಒಂದೇ ಮಾತು: "ಬಾಣಂತಿ ಕೋಣೆ ಎಷ್ಟು ದೊಡ್ಡದಿರ್ತದೆ ಹೇಳು?"

ಚಿಕ್ಕದು, ಕತ್ತಲು, ಬೆಚ್ಚಗೆ, ಗಾಳಿ ಹೊಡೆಯದ ಕಡೆ, ಹೋಗಿಬರುವವರ ಕಾಟವಿಲ್ಲದ್ದು. ನೊಂದ ಬೆಕ್ಕಿಗೂ ಬೇಕಾದದ್ದು ಅದೇ. ಆಮೇಲೆ ಕಟ್ಟಿದ ಗೂಡನ್ನು ಆ ಮಾತು ಹಿಡಿದುಕೊಂಡೇ ಕಟ್ಟಿದೆ. ಅದರ ಕ್ರಮವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ, ಮಳೆಗಾಲದ ಮಲೆನಾಡನ್ನು ಮನಸ್ಸಿನಲ್ಲಿಟ್ಟುಕೊಂಡು.

ಕಟ್ಟುವ ಮೊದಲು

ಮೊದಲ ಕೆಲಸ ಡಾಕ್ಟರು, ಗೂಡು ಆಮೇಲೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಬೆಕ್ಕನ್ನೂ ನೋಡುತ್ತಾರೆ. ಎಕ್ಸ್‌ರೇ, ಆಪರೇಷನ್ ಬೇಕಾದರೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೋ ಪೇಟೆಯ ಖಾಸಗಿ ಕ್ಲಿನಿಕ್ಕಿಗೋ ಹೋಗಬೇಕಾಗುತ್ತದೆ. ಬಾಯಿ ತೆರೆದು ಉಸಿರಾಡುವುದು, ವಸಡು ಬಿಳಿಚಿರುವುದು, ಮೈ ತಣ್ಣಗಾಗಿರುವುದು, ರಕ್ತ ನಿಲ್ಲದಿರುವುದು, ಒಂದು ದಿನವಿಡೀ ಉಚ್ಚೆ ಹೊಯ್ಯದಿರುವುದು: ಇವುಗಳಲ್ಲಿ ಒಂದು ಕಂಡರೂ ಆ ಬೆಕ್ಕು ಗೂಡಿಗೆ ಬರುವ ಸ್ಥಿತಿಯಲ್ಲಿಲ್ಲ, ಆಸ್ಪತ್ರೆಗೆ ಹೊರಡಿ. ಬಂದ ಮೇಲೂ ಮೊದಲ ಎರಡು ಮೂರು ರಾತ್ರಿ ಒಳಗಿನ ಬೆಚ್ಚನೆ ಮೂಲೆಯಲ್ಲೇ ಇರಲಿ. ತಾನಾಗಿ ತಲೆ ಎತ್ತಿ ಕೂರುವಷ್ಟಾದ ಮೇಲೆ, ಡಾಕ್ಟರು ಸರಿ ಎಂದ ಮೇಲೆ ಹೊರಗೂಡು.

ಗುರುತಿಲ್ಲದ ಬೆಕ್ಕಾದರೆ ಬರಿಗೈಯಲ್ಲಿ ಹಿಡಿಯಬೇಡಿ. ನೋವಿನಲ್ಲಿರುವ ಪ್ರಾಣಿ ಸಾಕಿದವರನ್ನೂ ಕಚ್ಚುತ್ತದೆ. ದಪ್ಪ ಕಂಬಳಿ ಮೇಲಿನಿಂದ ಹೊದಿಸಿ, ಕಂಬಳಿ ಸಮೇತ ಎತ್ತಿ ಬುಟ್ಟಿಗಿಡಿ, ಮೇಲೊಂದು ಬುಟ್ಟಿ ಕವುಚಿ ಕಟ್ಟಿ. ಕಚ್ಚಿದರೆ, ಪರಚಿ ರಕ್ತ ಬಂದರೆ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಚುಚ್ಚುಮದ್ದು ನಾಳೆಗೆ ಇಡುವ ವಿಷಯವಲ್ಲ.

ಇನ್ನೊಂದು ಮಾತು ನಮ್ಮ ಕಡೆಗೆ ವಿಶೇಷ. ತೋಟದಂಚಿನಲ್ಲಿ ಸಿಕ್ಕ ಮರಿ ಚಿರತೆಯಂಥ ಚುಕ್ಕಿಯದ್ದಾಗಿದ್ದರೆ ಅದು ಸಾಕುಬೆಕ್ಕಾಗಿರಲಿಕ್ಕಿಲ್ಲ, ಚಿರತೆಬೆಕ್ಕಿನ ಮರಿಯಾಗಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ; ಗಾಯವಿಲ್ಲದಿದ್ದರೆ ಮುಟ್ಟದೆ ದೂರ ಸರಿಯಿರಿ, ತಾಯಿ ಹತ್ತಿರದಲ್ಲೇ ಇರಬಹುದು.

ಜಾಗ

ಆಗುಂಬೆ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಂಥ ಕಡೆ ಗೂಡಿನ ಮಾಡಿಗಿಂತ ಗೂಡಿನ ಜಾಗ ಮುಖ್ಯ. ಮುಂಗಾರಿನ ಗಾಳಿಮಳೆ ನೈಋತ್ಯದಿಂದ, ಪಶ್ಚಿಮದಿಂದ ಹೊಡೆಯುವುದರಿಂದ ಮನೆಯ ಪೂರ್ವದ ಗೋಡೆ ಬೆನ್ನಿಗಿರಲಿ. ಬಿಸಿಲು ಬಿದ್ದ ದಿನ ಬೆಳಗಿನ ಎಳೆಬಿಸಿಲೂ ಅಲ್ಲೇ ಸಿಗುತ್ತದೆ. ಸೂರಿನ ನೀರು ನೆಲಕ್ಕೆ ಬಿದ್ದು ಕೊರೆದ ಗೆರೆ ಪ್ರತಿ ಅಂಗಳದಲ್ಲೂ ಇರುತ್ತದಲ್ಲ, ಆ ಗೆರೆಯಿಂದ ಎರಡಡಿ ಒಳಗೆ ಗೂಡು ನಿಲ್ಲಬೇಕು. ಅಷ್ಟು ಒಳಗಿಲ್ಲದಿದ್ದರೆ ಇರಚಲು ಹೊಡೆದು ಹಾಸಿಗೆ ನೆನೆಯುತ್ತದೆ.

ಕೊಟ್ಟಿಗೆ ಪಕ್ಕ ಬೆಚ್ಚಗಿರುತ್ತದೆ ಎಂದು ಅಲ್ಲಿಡಲು ಮನಸ್ಸಾಗುತ್ತದೆ, ನನಗೂ ಆಗಿತ್ತು. ಬೇಡ. ಸಗಣಿ, ಗೊಬ್ಬರಗುಂಡಿ ಇದ್ದಲ್ಲಿ ನೊಣ. ನೊಣ ಇದ್ದಲ್ಲಿ ಗಾಯಕ್ಕೆ ಹುಳ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತ, ಸುಣ್ಣ ಕಲಸುವ ಡ್ರಮ್ಮು, ತೊಳೆದಿಟ್ಟ ಪೈಪು, ಔಷಧಿ ಸಿಡಿದ ಬಟ್ಟೆ ಇವೆಲ್ಲದರಿಂದಲೂ ದೂರವಿರಲಿ. ಬೆಕ್ಕು ಮೈ ನೆಕ್ಕಿಕೊಂಡೇ ಬದುಕುವ ಪ್ರಾಣಿ. ಅದರ ಕೂದಲಿಗೆ ತಾಗಿದ್ದೆಲ್ಲ ಹೊಟ್ಟೆಗೆ ಹೋದಂತೆಯೇ.

ಮನೆಯವರ ಧ್ವನಿ ಕೇಳುವಂತಿರಬೇಕು, ಆದರೆ ಓಡಾಟದ ದಾರಿಯಲ್ಲಿರಬಾರದು. ನಾವು ಕೊನೆಗೆ ಆರಿಸಿದ್ದು ಬಚ್ಚಲುಮನೆಯ ಹಿಂದಿನ ಜಗಲಿ ಮೂಲೆ. ಒಲೆಯ ಗೋಡೆ ಸದಾ ಸ್ವಲ್ಪ ಬಿಸಿ. ಬೆಳ್ಳಿ ಐದು ವಾರವೂ ಆ ಗೋಡೆಗೇ ಬೆನ್ನು ಕೊಟ್ಟು ಮಲಗಿದಳು.

ಎರಡು ಗೂಡು, ಒಂದರೊಳಗೊಂದು

ಕಟ್ಟಬೇಕಾದ್ದು ಎರಡು. ಒಳಗೂಡು ಮೂರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಬೆಕ್ಕು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಜಿಗಿಯಲು ಜಾಗ ಇರಬಾರದು. ಮೂಳೆ ಮುರಿದದ್ದು, ಸೊಂಟ ಬಿಟ್ಟದ್ದು, ಹೊಟ್ಟೆ ಹೊಲಿಗೆ ಹಾಕಿದ್ದು ಎಲ್ಲ ಮೊದಲು ಇದರಲ್ಲೇ ಇರಬೇಕು. ಇಬ್ಬರು ಹಿಡಿದು ಎತ್ತುವಷ್ಟು ಹಗುರವಾಗಿರಲಿ. ಯಾಕೆಂದು ರಾತ್ರಿಯ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಹೊರಗೂಡು ಆರಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರ. ಎತ್ತರ ನಾಲ್ಕೇ ಅಡಿ ಇಡಲು ಎರಡು ಕಾರಣ. ಅದಕ್ಕಿಂತ ಎತ್ತರವಾದರೆ ಬೀಳುವ ಪೆಟ್ಟು ಜೋರು. ಬೆಸುಗೆ ಹಾಕಿದ ತಂತಿಜಾಲರಿ, ಅಂದರೆ ವೆಲ್ಡ್ ಮೆಶ್, ನಾಲ್ಕಡಿ ಅಗಲದ ಸುರುಳಿಯಲ್ಲಿ ಸಿಗುವುದರಿಂದ ಕತ್ತರಿಸಿ ಹಾಳುಮಾಡುವುದೂ ಇಲ್ಲ. ನೀವು ಕೂತು ಒಳಗೆ ಹೋಗಬಹುದು. ಒಳಗೂಡಿನ ಬಾಗಿಲು ತೆರೆದಾಗ ಬೆಕ್ಕು ನುಸುಳಿದರೂ ಹೊರಗೂಡಿನಲ್ಲೇ ಇರುತ್ತದೆ, ಕಾಡು ಸೇರುವುದಿಲ್ಲ. ಹೊರಗೂಡಿನ ಅರ್ಧ ಉಪಯೋಗ ಇದೇ.

ಚರ್ಮದ ಗಾಯ, ಬಾವು, ಕಣ್ಣಿನ ಪೆಟ್ಟು ಇಷ್ಟೇ ಆಗಿದ್ದರೆ ಒಳಗೂಡಿನ ಬಾಗಿಲು ತೆಗೆದೇ ಇಟ್ಟು ಎರಡನ್ನೂ ಒಂದಾಗಿ ಬಳಸಬಹುದು.

ಕಟ್ಟುವ ಕ್ರಮ

ಚೌಕಟ್ಟಿಗೆ ಮರದ ರೀಪು ಒಳ್ಳೆಯದು. ಅಡಿಕೆ ದಬ್ಬೆ ಮನೆಯಲ್ಲೇ ಇರುತ್ತದೆ, ಗಟ್ಟಿಯೂ ಹೌದು; ಆದರೆ ಅದರ ಸಿಬಿರು ಸೂಜಿಯಂತೆ ಚುಚ್ಚುತ್ತದೆ. ದಬ್ಬೆ ಬಳಸುವುದಾದರೆ ಹೊರಗಿನ ಆಧಾರಕ್ಕೆ ಮಾತ್ರ. ನಾಲ್ಕು ಗೋಡೆಗೆ ನಾಲ್ಕು ಬೇರೆ ಬೇರೆ ಚೌಕಟ್ಟು ಮಾಡಿ ಮೂಲೆಗಳಲ್ಲಿ ಬೋಲ್ಟ್ ಹಾಕಿ ಸೇರಿಸಿ. ಕೆಲಸ ಮುಗಿದ ಮೇಲೆ ಬಿಚ್ಚಿ ಅಟ್ಟಕ್ಕಿಡಬಹುದು, ಅಕ್ಕಪಕ್ಕದ ಮನೆಗೆ ಬೇಕಾದಾಗ ಕೊಡಬಹುದು.

ಜಾಲರಿಯ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಕೋಳಿಗೂಡಿಗೆ ಹಾಕುವ ಆರು ಮೂಲೆಯ ತೆಳುಜಾಲರಿ ಕೋಳಿಯನ್ನು ಒಳಗಿಡುತ್ತದೆ ಅಷ್ಟೇ, ನಾಯಿಯನ್ನು ಹೊರಗಿಡುವುದಿಲ್ಲ. ಎರಡು ನಾಯಿ ಸೇರಿದರೆ ಹಲ್ಲಿನಲ್ಲಿ ಎಳೆದು ಹರಿಯುತ್ತವೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ಶೇ ಬೇಕು. ದೊಡ್ಡ ಹಾವು, ಹೆಗ್ಗಣ, ಮುಂಗುಸಿ ಇದರಲ್ಲಿ ತೂರುವುದಿಲ್ಲ. ಬೆಕ್ಕಿನ ಪಾದವೂ ಸಿಕ್ಕಿಕೊಳ್ಳುವುದಿಲ್ಲ. ಒಂದು ಇಂಚಿನ ಕಣ್ಣಾದರೆ ಕೈ ಹೊರಗೆ ಚಾಚುತ್ತದೆ. ಚಾಚಿದ ಕೈಯನ್ನು ನಾಯಿ ಹಿಡಿಯುತ್ತದೆ.

ಜಾಲರಿಯನ್ನು ಚೌಕಟ್ಟಿನ ಹೊರಮೈಗೆ ಹೊಡೆಯಿರಿ. ಹೊರಗಿನಿಂದ ನಾಯಿ ತಳ್ಳಿದರೆ ಜಾಲರಿ ಮರಕ್ಕೆ ಒತ್ತುತ್ತದೆ, ಮೊಳೆ ಕಿತ್ತು ಬರುವುದಿಲ್ಲ. ನಾಲ್ಕು ಇಂಚಿಗೊಂದು ಯು ಮೊಳೆ. ಕತ್ತರಿಸಿದ ತಂತಿಯ ತುದಿಗಳ ಮೇಲೆ ತೆಳು ರೀಪು ಕೂರಿಸಿ ಮುಚ್ಚಿ. ಆಮೇಲೆ ಒಳಗಿನಿಂದ ಅಂಗೈ ಸವರುತ್ತ ಒಂದು ಸುತ್ತು ಬನ್ನಿ. ನಿಮ್ಮ ಕೈಗೆ ಚುಚ್ಚಿದ್ದು ಬೆಕ್ಕಿನ ಕಣ್ಣಿಗೂ ಚುಚ್ಚುತ್ತದೆ.

ಬೆಳ್ಳಿ ಬಿದ್ದ ಮೇಲೆ ಕಲಿತದ್ದು: ಗೋಡೆಯ ಕೆಳಗಿನ ಎರಡಡಿಗೆ ಒಳಮೈಯಲ್ಲಿ ಹಳೆಯ ಫ್ಲೆಕ್ಸ್ ಬ್ಯಾನರ್ ಎಳೆದು ಬಿಗಿಯಾಗಿ ಹೊಡೆಯಬೇಕು, ನುಣುಪಿನ ಬದಿ ಬೆಕ್ಕಿನ ಕಡೆಗೆ. ಉಗುರಿಗೆ ಹಿಡಿತ ಸಿಗದೆ ಅದು ಹತ್ತುವ ಯೋಚನೆಯನ್ನೇ ಬಿಡುತ್ತದೆ. ಅಂಗಳದಲ್ಲಿ ಓಡಾಡುವ ನಾಯಿ, ಬೇರೆ ಗಂಡುಬೆಕ್ಕು ಕಣ್ಣಿಗೆ ಬೀಳುವುದೂ ತಪ್ಪುತ್ತದೆ. ಊರಲ್ಲಿ ಜಾತ್ರೆ, ಮದುವೆ, ಚುನಾವಣೆ ಮುಗಿದ ಮೇಲೆ ಫ್ಲೆಕ್ಸಿಗೆ ಬರವಿಲ್ಲ. ಶೇಡ್ ನೆಟ್ ಹಾಕುವುದಾದರೆ ಜಾಲರಿಯ ಹೊರಗೆ ಹಾಕಿ. ಒಳಗಿದ್ದರೆ ಉಗುರು ಸಿಕ್ಕಿ ಬೆಕ್ಕು ನೇತಾಡುತ್ತದೆ.

ತಳಕ್ಕೆ ಬನ್ನಿ. ಮಳೆಗಾಲದಲ್ಲಿ ನಮ್ಮ ನೆಲ ಮೇಲಿನಿಂದ ಮಾತ್ರವಲ್ಲ, ಕೆಳಗಿನಿಂದಲೂ ಒದ್ದೆ; ಒರತೆ ಎದ್ದರೆ ಸಿಮೆಂಟು ನೆಲವೂ ಬೆವರುತ್ತದೆ. ಜಂಬಿಟ್ಟಿಗೆಯ ಒಂದು ಸಾಲು ಹಾಸಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟಿನ ತುಂಡು. ಸೊಂಟದ ಬಲ ಇಲ್ಲದ ಬೆಕ್ಕಿಗೆ ಕಾಲು ಜಾರದ ನೆಲ ಬೇಕು. ಟೈಲ್ಸು, ಪ್ಲಾಸ್ಟಿಕ್ ಹಾಳೆ, ಪಾಲಿಶ್ ಕಲ್ಲು ಬೇಡ.

ಗೂಡಿನ ಬುಡದಿಂದ ಹೊರಗೆ ಒಂದಡಿ ಅಗಲದ ಜಾಲರಿ ಪಟ್ಟಿಯನ್ನು ನೆಲಕ್ಕೆ ಮಲಗಿಸಿ, ಗೋಡೆಯ ಜಾಲರಿಗೆ ಬೈಂಡಿಂಗ್ ತಂತಿಯಲ್ಲಿ ಹೊಲಿದು, ಮೇಲೆ ಕಲ್ಲು ಹೇರಿ. ನಾಯಿ, ನರಿ ಗೋಡೆಯ ಬುಡದಲ್ಲೇ ಕೆದಕುತ್ತವೆ, ಒಂದಡಿ ಹಿಂದೆ ಸರಿದು ಕೆದಕುವ ಬುದ್ಧಿ ಅವಕ್ಕೆ ಹೊಳೆಯುವುದಿಲ್ಲ. ಗುಂಡಿ ತೋಡಿ ಜಾಲರಿ ಹೂಳುವುದಕ್ಕಿಂತ ಇದು ಸುಲಭ, ನಮ್ಮ ಕಡೆಯ ಕಲ್ಲುನೆಲಕ್ಕಂತೂ ಇದೇ ಸರಿ.

ಮೇಲೆ ಮೊದಲು ಜಾಲರಿ, ಅದರ ಮೇಲೆ ಇಳಿಜಾರಾಗಿ ತಗಡಿನ ಶೀಟು, ಶೀಟಿನ ಮೇಲೆ ಅಡಿಕೆ ಸೋಗೆ. ಸೋಗೆ ಹಾಕದಿದ್ದರೆ ಮಳೆ ಸದ್ದಿಗೆ ಬೆಕ್ಕು ಕಂಗಾಲಾಗುತ್ತದೆ. ಎಲ್ಲವನ್ನೂ ತಂತಿಯಲ್ಲಿ ಬಿಗಿಯಿರಿ. ಮಂಗ, ಮುಸಿಯ ಬಂದು ಕುಣಿದರೆ ಕಲ್ಲು ಹೇರಿದ ಶೀಟು ನಿಲ್ಲುವುದಿಲ್ಲ.

ಬಾಗಿಲು ಒಳಗೆ ತೆರೆಯುವಂತಿರಲಿ, ಚಿಲಕ ಎರಡಿರಲಿ, ಮೇಲೊಂದು ಕೆಳಗೊಂದು. ಒಂದೇ ಚಿಲಕ ಇದ್ದರೆ ಬಾಗಿಲಿನ ಇನ್ನೊಂದು ತುದಿ ಬಾಗುತ್ತದೆ; ಬೆಕ್ಕಿಗೆ ತಲೆ ತೂರುವಷ್ಟು ಸಂದಿ ಸಿಕ್ಕರೆ ಮೈಯೂ ತೂರಿತು ಎಂದೇ ಲೆಕ್ಕ.

ಅಡಗುಪೆಟ್ಟಿಗೆ

ಇಷ್ಟೆಲ್ಲ ಕಟ್ಟಿ ಅಡಗುವ ಜಾಗ ಇಡದಿದ್ದರೆ ಬೆಕ್ಕಿಗೆ ಅದು ಸಂತೆಯ ನಡುವೆ ನಿಲ್ಲಿಸಿದಂತೆ. ನೋವಿರುವ ಬೆಕ್ಕು ಮೊದಲು ಹುಡುಕುವುದು ಕತ್ತಲು. ತನ್ನನ್ನು ಯಾರೂ ನೋಡುತ್ತಿಲ್ಲ ಎನ್ನಿಸಿದ ಮೇಲೆಯೇ ಅದು ತಿನ್ನುವುದು, ನಿದ್ದೆ ಮಾಡುವುದು. ಒಳಗೂಡಿನ ಒಂದು ತುದಿಗೆ ಸುಮಾರು 18 ಇಂಚು ಉದ್ದ, 14 ಇಂಚು ಅಗಲದ ಮರದ ಇಲ್ಲವೇ ರಟ್ಟಿನ ಪೆಟ್ಟಿಗೆ ಮಗ್ಗುಲಾಗಿ ಇಡಿ. ರಟ್ಟು ನಮ್ಮ ಥಂಡಿಗೆ ಮೂರೇ ದಿನಕ್ಕೆ ಮೆತ್ತಗಾಗುತ್ತದೆ, ಬದಲಿ ಇಟ್ಟುಕೊಂಡಿರಿ. ಪೆಟ್ಟಿಗೆಯ ಹೊಸ್ತಿಲು ಒಂದಿಂಚಿಗಿಂತ ಎತ್ತರ ಬೇಡ.

ಡಾಕ್ಟರು ಕತ್ತಿಗೆ ಪ್ಲಾಸ್ಟಿಕ್ ಕೋನ್ ಹಾಕಿದ್ದರೆ ಪೆಟ್ಟಿಗೆಯ ಬಾಯಿ ಕೋನ್‌ಗಿಂತ ನಾಲ್ಕು ಇಂಚು ಅಗಲವಿರಬೇಕು. ಇದು ನನಗೆ ಗೊತ್ತಿರಲಿಲ್ಲ. ಬೆಳ್ಳಿ ಇಡೀ ಒಂದು ಮಧ್ಯಾಹ್ನ ಪೆಟ್ಟಿಗೆಯ ಬಾಯಿಗೆ ಕೋನ್ ಬಡಿಯುತ್ತ, ಹಿಂದೆ ಸರಿಯುತ್ತ, ಮತ್ತೆ ಬಡಿಯುತ್ತ ನಿಂತಿದ್ದಳು. ಸಂಜೆ ಗರಗಸ ತಂದು ಬಾಯಿ ಅಗಲ ಮಾಡಿದ ಕೂಡಲೇ ಒಳಗೆ ಹೋಗಿ ತಿರುಗಿ ಕೂತು, ಅಪಘಾತವಾದ ಮೇಲೆ ಮೊದಲ ಸಲ ಕಣ್ಣು ಪೂರ್ತಿ ಮುಚ್ಚಿದಳು. ಕೋನ್ ಇದ್ದಾಗ ತಟ್ಟೆಯೂ ಕೋನ್‌ನೊಳಗೆ ಹಿಡಿಸುವಷ್ಟು ಚಿಕ್ಕದಿದ್ದು, ಒಂದು ಇಟ್ಟಿಗೆಯ ಮೇಲಿರಬೇಕು.

ಹಾಸಿಗೆಗೆ ಕೆಳಗೆ ಗೋಣಿಚೀಲ, ಮೇಲೆ ಹಳೆಯ ಹತ್ತಿ ಸೀರೆಯನ್ನೋ ಪಂಚೆಯನ್ನೋ ನಾಲ್ಕು ಮಡಿಕೆ. ಕಡೇಪಕ್ಷ ನಾಲ್ಕು ಜೊತೆ ಬೇಕು, ಯಾಕೆಂದರೆ ಆಷಾಢದಲ್ಲಿ ಒಗೆದ ಬಟ್ಟೆ ಬಚ್ಚಲೊಲೆಯ ಮೇಲೆ ಹರವಿದರೂ ಒಣಗಲು ಎರಡು ದಿನ. ಒದ್ದೆ ಹಾಸಿಗೆಗಿಂತ ಬರೀ ಗೋಣಿ ವಾಸಿ. ತೀರಾ ಥಂಡಿಯಿದ್ದರೆ ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗಿಡಿ. ಸೆಕೆಯಾದರೆ ಸರಿದು ಮಲಗಲು ಇನ್ನೊಂದು ಬದಿ ಖಾಲಿ ಇರಲೇಬೇಕು.

ಇರುವೆ, ನೊಣ, ಉಂಬಳ, ಉಣುಗು

ನಾಯಿಯನ್ನು ತಡೆದ ಗೂಡು ಇರುವೆಯನ್ನು ತಡೆಯುವುದಿಲ್ಲ. ಗಾಯದ ರಸಿಕೆಗೆ, ತಟ್ಟೆಯಲ್ಲಿ ಉಳಿದ ಮೀನಿಗೆ ಅವು ಸಾಲುಗಟ್ಟಿ ಬರುತ್ತವೆ, ಓಡಲಾರದ ಬೆಕ್ಕಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಒಳಗೂಡಿಗೆ ನಾಲ್ಕು ಚಿಕ್ಕ ಕಾಲು ಕೊಟ್ಟು, ಒಂದೊಂದು ಕಾಲಿನಡಿ ಒಂದೊಂದು ತೆಂಗಿನ ಗರಟದಲ್ಲಿ ನೀರು ಇಡಿ. ದಿನಾ ಬೆಳಿಗ್ಗೆ ಆ ನೀರು ಚೆಲ್ಲಿ ಬೇರೆ ಹಾಕಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ. ಇರುವೆ ಪುಡಿ, ಸೀಮೆಸುಣ್ಣದಂಥ ವಿಷದ ಕಡ್ಡಿ ಗೂಡಿನ ಹತ್ತಿರವೂ ಬೇಡ.

ಮಳೆಗಾಲದ ನೊಣ ಗಾಯದ ಮೇಲೆ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳವಾಗುತ್ತದೆ. ಒಳಗೂಡಿನ ಮೇಲೆ ಹಳೆಯ ಸೊಳ್ಳೆಪರದೆ ಇಳಿಬಿಡಿ, ಬಾಗಿಲ ಕಡೆ ಮಡಚಿ ಸಿಕ್ಕಿಸುವಂತೆ. ಗಾಯದ ಸುತ್ತ ಕೂದಲಿನಲ್ಲಿ ಅಕ್ಕಿನುಚ್ಚಿನಂಥ ಬಿಳಿಕಾಳು ಕಂಡರೆ ಅದು ನೊಣದ ಮೊಟ್ಟೆ, ಅವತ್ತೇ ಡಾಕ್ಟರಿಗೆ ತೋರಿಸಿ. ದನದ ಗಾಯಕ್ಕೆ ಸುರಿಯುವ ಟರ್ಪೆಂಟೈನನ್ನು ಬೆಕ್ಕಿಗೆ ಹಾಕಬೇಡಿ. ಡೆಟ್ಟಾಲ್, ಫಿನಾಯಿಲ್, ನುಸಿಗುಳಿಗೆ ಎಲ್ಲವೂ ಬೆಕ್ಕಿಗೆ ವಿಷ. ಅದರ ಯಕೃತ್ತಿಗೆ ಇವನ್ನು ಅರಗಿಸುವ ಶಕ್ತಿ ತೀರಾ ಕಡಿಮೆ. ಗಾಯ ತೊಳೆಯಲು ಹೇಳಿದ್ದರೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸ ಒಂದು ಟೀ ಚಮಚ ಉಪ್ಪು ಸಾಕು. ಗೂಡು ತೊಳೆಯಲು ಸೋಪಿನ ನೀರು, ಆಮೇಲೆ ಕುದಿನೀರು.

ಉಂಬಳಕ್ಕೆ, ಅಂದರೆ ನೆಲದ ಜಿಗಣೆಗೆ, ಗೂಡಿನ ಸುತ್ತ ಎರಡಡಿ ಹುಲ್ಲು ಹೆರೆದು ಜಲ್ಲಿ ಹರವಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಸುಣ್ಣ, ಹೊಗೆಸೊಪ್ಪಿನ ಪುಡಿ ಉದುರಿಸುವ ರೂಢಿಯಿದೆ. ಸುಣ್ಣ ಪಾದ ಸುಡುತ್ತದೆ, ಹೊಗೆಸೊಪ್ಪು ನೆಕ್ಕಿದರೆ ಜೀವಕ್ಕೇ ಅಪಾಯ. ಬೇಡವೇ ಬೇಡ.

ಮಳೆ ಮುಗಿದ ಮೇಲೆ ಉಣುಗಿನ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಡಿಸೆಂಬರಿನಿಂದ ಮೇವರೆಗೆ ಅದರ ಹಾವಳಿ ಜಾಸ್ತಿ. ಆ ತಿಂಗಳುಗಳಲ್ಲಿ ಕಾಡಿನ ದರಕು (ಉದುರಿದ ಒಣ ಎಲೆ) ತಂದು ಬೆಕ್ಕಿಗೆ ಹಾಸಬೇಡಿ. ಒಣಗಿದ್ದು, ಮೆತ್ತಗಿದ್ದು, ಪುಕ್ಕಟೆ ಸಿಗುವುದು ಹೌದು, ಆದರೆ ಸಾಸಿವೆಗಿಂತ ಚಿಕ್ಕ ಮರಿ ಉಣುಗು ಅದರಲ್ಲೇ ಇರುತ್ತವೆ, ಬೆಕ್ಕಿನ ಮೈಯಿಂದ ನಿಮ್ಮ ಮೈಗೂ ಬರುತ್ತವೆ. ಉಣುಗಿಗೆಂದು ನಾಯಿಗೆ ತಂದ ಔಷಧಿಯನ್ನು ಬೆಕ್ಕಿಗೆ ಹಾಕುವುದು ಇನ್ನೂ ದೊಡ್ಡ ಅಪಾಯ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗುತ್ತ ನಡುಗುತ್ತ ಸಾಯುತ್ತದೆ.

ರಾತ್ರಿ

ಯಾವ ಜಾಲರಿಯೂ ಚಿರತೆಗೆ ತಡೆಯಲ್ಲ. ಅಂಗಳದ ನಾಯಿಯನ್ನೇ ಹೊತ್ತೊಯ್ಯುವ ಊರುಗಳಲ್ಲಿ ನಾವಿದ್ದೇವೆ. ಅದಕ್ಕೇ ಒಳಗೂಡು ಎತ್ತುವಂತಿರಬೇಕು ಎಂದದ್ದು. ದೀಪ ಹಚ್ಚುವ ಹೊತ್ತಿಗೆ ಒಳಗೂಡನ್ನು ಬೆಕ್ಕಿನ ಸಮೇತ ಎತ್ತಿ, ಬಾಗಿಲು ಹಾಕಬಹುದಾದ ಬಚ್ಚಲುಮನೆಗೋ ಉಗ್ರಾಣಕ್ಕೋ ಇಡಿ. ಓಲಾಡಿಸದೆ, ಮೇಲೊಂದು ಬಟ್ಟೆ ಹೊದಿಸಿ ಒಯ್ಯಿರಿ. ಬಚ್ಚಲೊಲೆ ಹೊಗೆಯಾಡುತ್ತಿದ್ದರೆ ಅಲ್ಲಿ ಬೇಡ. ಬೆಳಿಗ್ಗೆ ಬೆಳಕು ಹರಿದ ಮೇಲೆ ಮತ್ತೆ ಹೊರಗೆ. ಇಡುವ ಮುಂಚೆ ಹೊರಗೂಡಿನ ಮೂಲೆ, ಮ್ಯಾಟಿನ ಅಡಿ ಟಾರ್ಚು ಹಾಕಿ ನೋಡಿ. ಬೆಚ್ಚಗಿನ ಜಾಗ ಹುಡುಕಿ ಹಾವಿನ ಮರಿ ಸೇರಿರಬಹುದು.

ಊಟ ಮತ್ತು ಹಾಳೆಯ ತಟ್ಟೆ

ಮಜ್ಜಿಗೆ ಅನ್ನದಲ್ಲಿ ಬೆಕ್ಕಿನ ಹೊಟ್ಟೆ ತುಂಬುತ್ತದೆ, ಗಾಯ ಮಾಯುವುದಿಲ್ಲ. ಅದಕ್ಕೆ ಮಾಂಸದ ಸಾರವೇ ಬೇಕು: ಉಪ್ಪು ಖಾರ ಹಾಕದೆ ಬೇಯಿಸಿ ಮುಳ್ಳು ತೆಗೆದ ಬಂಗುಡೆ, ಬೂತಾಯಿ, ಕೋಳಿ. ಮಾಂಸ ಮಾಡದ ಮನೆಯವರು ಬೇಯಿಸಿದ ಮೊಟ್ಟೆಯನ್ನೋ ಪೇಟೆಯಲ್ಲಿ ಸಿಗುವ ಬೆಕ್ಕಿನ ಆಹಾರವನ್ನೋ ಕೊಡಬಹುದು. ನಮ್ಮ ಮನೆಯಲ್ಲೂ ಮೊಟ್ಟೆ ಒಳಗೆ ಬರುವಂತಿಲ್ಲ. ಗೂಡು ಹೊರಗಿದ್ದದ್ದರಿಂದ ಅಂಗಳದ ಒಲೆಯಲ್ಲೇ ಬೇಯಿಸಿ ಕೊಟ್ಟೆವು, ಅಮ್ಮನೂ ಏನೂ ಅನ್ನಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ, ಅದು ಬೆಕ್ಕಿನ ರಕ್ತ ಕೆಡಿಸುತ್ತದೆ. ಎರಡು ದಿನ ಏನೂ ಮುಟ್ಟದಿದ್ದರೆ "ನಾಳೆ ತಿಂದೀತು" ಎಂದು ಕಾಯಬೇಡಿ. ಉಪವಾಸ ಬಿದ್ದ ಬೆಕ್ಕಿಗೆ ಯಕೃತ್ತಿನಲ್ಲಿ ಕೊಬ್ಬು ತುಂಬಿ, ಮೂಲ ಗಾಯಕ್ಕಿಂತ ದೊಡ್ಡ ಕಾಯಿಲೆ ಹಿಡಿಯುತ್ತದೆ.

ನೋವು ಎಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಡಿ, ಚೂರೂ ಸಹ. ಅರ್ಧ ಮಾತ್ರೆಗೇ ಬೆಕ್ಕು ಸಾಯಬಹುದು.

ಮಲಮೂತ್ರಕ್ಕೆ ಪ್ಲಾಸ್ಟಿಕ್ ಟ್ರೇಗಿಂತ ಅಡಿಕೆ ಹಾಳೆ ಚೆನ್ನ. ಅಗಲದ ಹಾಳೆಯನ್ನು ನೀರಲ್ಲಿ ನೆನೆಸಿ, ಎರಡು ತುದಿ ಮಡಚಿ ಕಡ್ಡಿ ಚುಚ್ಚಿದರೆ ಎರಡು ಇಂಚು ಅಂಚಿನ ತಟ್ಟೆ ಆಯಿತು. ಸೊಂಟ ನೋಯುವ ಬೆಕ್ಕು ಎತ್ತರದ ಅಂಚು ದಾಟಲಾರದೆ ಹೊರಗೇ ಮಾಡಿಕೊಳ್ಳುತ್ತದೆ. ಹಾಳೆಯ ಅಂಚು ತುಳಿದರೆ ಬಾಗುತ್ತದೆ. ಸಂಜೆ ಎತ್ತಿ ತಿಪ್ಪೆಗೆ ಹಾಕಿ ಹೊಸದು ಇಡಬಹುದು. ಮೇಲೆ ಹರಿದ ನ್ಯೂಸ್‌ಪೇಪರ್ ಚೂರು. ಮರಳು, ಮರದ ಹೊಟ್ಟು, ಉಮಿ ಗಾಯಕ್ಕೆ ಅಂಟುತ್ತವೆ, ಗಾಯ ಮುಚ್ಚಿದ ಮೇಲಷ್ಟೇ ಬಳಸಿ. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಬೇರೆಯವರು ಮಾಡಲಿ, ಬೆಕ್ಕಿನ ಮಲದಿಂದ ಹೊಟ್ಟೆಯಲ್ಲಿರುವ ಕೂಸಿಗೆ ಸೋಂಕು ತಗಲುವ ಸಾಧ್ಯತೆಯಿದೆ.

ದಿನಾ ನೋಡಬೇಕಾದ್ದು

ಒಂದು ನೋಟ್‌ಬುಕ್ ಗೂಡಿನ ಪಕ್ಕ ನೇತುಹಾಕಿ. ತಿಂದದ್ದು, ಉಚ್ಚೆ, ಕಕ್ಕ, ಔಷಧಿ ಕೊಟ್ಟ ಹೊತ್ತು, ಮಲಗಿದ್ದಾಗಿನ ಉಸಿರಾಟ. ಪಕ್ಕೆ ಏರಿಳಿದದ್ದು ಒಂದು ಸಲ ಎಂದು ಎಣಿಸಿ. ನಿಮಿಷಕ್ಕೆ 20ರಿಂದ 30 ಸರಿ, ನಿದ್ದೆಯಲ್ಲೂ 40 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. ಗಂಡುಬೆಕ್ಕು ತಟ್ಟೆಗೆ ಪದೇ ಪದೇ ಹೋಗಿ ಕೂತು ಏನೂ ಬರದೆ ಎದ್ದರೆ ಕಾಯಬೇಡಿ, ಮೂತ್ರ ಕಟ್ಟಿ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ.

ಕಾಲಿಗೆ ಪಟ್ಟಿ ಕಟ್ಟಿದ್ದರೆ ತುದಿಯಲ್ಲಿ ಕಾಣುವ ಎರಡು ಬೆರಳು ಮುಟ್ಟಿ ನೋಡಿ. ಬೆಚ್ಚಗಿದ್ದು, ಎರಡೂ ಉಗುರು ಹತ್ತಿರ ಹತ್ತಿರ ಇದ್ದರೆ ಸರಿ. ತಣ್ಣಗಾಗಿದ್ದರೆ, ಊದಿ ಉಗುರುಗಳು ದೂರ ಸರಿದಿದ್ದರೆ ಪಟ್ಟಿ ಬಿಗಿಯಾಗಿದೆ. ಒದ್ದೆಯಾದ ಪಟ್ಟಿ ಅವತ್ತೇ ಬದಲಾಗಬೇಕು; ಒಳಗೇ ಚರ್ಮ ಕೊಳೆಯುತ್ತದೆ, ಹೊರಗೆ ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಮಕ್ಕಳಿಗೆ ಹೇಳಿ: ದಿನಕ್ಕೆರಡು ಸಲ ಹತ್ತಿರ ಕೂತು ಮೆತ್ತಗೆ ಮಾತಾಡಬಹುದು, ಕೈ ಹಾಕಿ ಎತ್ತುವಂತಿಲ್ಲ.

ಗೂಡು ದೊಡ್ಡದಾಗುವ ದಿನ, ಬಾಗಿಲು ತೆರೆಯುವ ದಿನ

ಮೂಳೆಯ ಪೆಟ್ಟಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಕೆಲವಕ್ಕೆ ಎಂಟು. ಎರಡನೇ ವಾರದಲ್ಲೇ ಬೆಕ್ಕು ಚುರುಕಾಗಿ ಬಾಗಿಲು ಕೆರೆದು ಕೂಗುತ್ತದೆ. ನೋವು ಕಡಿಮೆಯಾಗಿದೆ ಎಂದಷ್ಟೇ ಅದರ ಅರ್ಥ, ಮೂಳೆ ಕೂಡಿದೆ ಎಂದಲ್ಲ. ಆ ಕೂಗಿಗೆ ಮನಸ್ಸು ಕರಗುತ್ತದೆ, ಗೊತ್ತು. ಬಾಗಿಲು ಮಾತ್ರ ಡಾಕ್ಟರು ಹೇಳಿದ ಮೇಲೆಯೇ ತೆಗೆಯಿರಿ. ಆಗಲೂ ಮೊದಲು ಹೊರಗೂಡಿಗೆ, ದಿನಕ್ಕೆ ಹತ್ತು ನಿಮಿಷ, ನೀವೂ ಒಳಗೆ ಕೂತು. ಕುಂಟು ಹೆಚ್ಚಾಗದಿದ್ದರೆ ಅರ್ಧ ಗಂಟೆ, ಆಮೇಲೆ ಹಗಲಿಡೀ. ಒಂದು ವಾರ ಹಾಗೆ ಕಳೆದ ಮೇಲೆ ಆರು ಇಂಚು ಎತ್ತರದ ಒಂದು ಮಣೆ ಇಡಿ. ತಾನಾಗಿ ಹತ್ತಿ, ನೋಯದೆ ಇಳಿದರೆ ಇನ್ನೊಂದು ಸ್ವಲ್ಪ ಎತ್ತರದ್ದು.

ಬಿಡುವ ಮುಂಚೆ ರೇಬೀಸ್ ಲಸಿಕೆ ಹಾಕಿಸಿ, ಸಂತಾನಹರಣದ ಆಪರೇಷನ್ ಯಾವಾಗ ಮಾಡಿಸಬಹುದು ಎಂದೂ ಕೇಳಿ. ಮಳೆಯಿಲ್ಲದ ದಿನ, ಬೆಳಿಗ್ಗೆ, ಊಟ ಹಾಕುವ ಮೊದಲು ಬಾಗಿಲು ತೆರೆಯಿರಿ. ಹಸಿದ ಬೆಕ್ಕು ದೂರ ಹೋಗುವುದಿಲ್ಲ. ಮನೆಯ ನಾಯಿ ಕಟ್ಟಿರಲಿ. ಊಟದ ತಟ್ಟೆ ಮಾತ್ರ ಇನ್ನೂ ಹದಿನೈದು ದಿನ ಗೂಡಿನೊಳಗೇ ಇರಲಿ, ಹೊರಗೆ ಹೆದರಿದರೆ ಓಡಿ ಬರಲು ಗುರುತಿನ ಜಾಗ ಅದು.

ಬೆಳ್ಳಿಗೆ ಬಾಗಿಲು ತೆಗೆದಾಗ ಮಘೆ ಮಳೆ. ಹೊಸ್ತಿಲಲ್ಲಿ ನಿಂತು ಒಂದು ಕಾಲು ಹೊರಗಿಟ್ಟಳು, ಒದ್ದೆ ನೆಲ ಮುಟ್ಟಿ ಕಾಲು ಕೊಡವಿದಳು, ಮತ್ತೆ ಒಳಗೆ ಹೋಗಿ ಒಲೆಗೋಡೆಗೆ ಬೆನ್ನು ಕೊಟ್ಟು ಮಲಗಿದಳು. ಹೊರಗೆ ಹೋದದ್ದು ಮಧ್ಯಾಹ್ನ, ಹೂಬಿಸಿಲು ಬಂದ ಮೇಲೆ. ಗೂಡನ್ನು ಮತ್ತೂ ಹದಿನೈದು ದಿನ ಬಿಚ್ಚಲಿಲ್ಲ. ಆಮೇಲೆ ಫ್ಲೆಕ್ಸು, ಮ್ಯಾಟು ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ, ಚೌಕಟ್ಟುಗಳನ್ನು ಬಿಚ್ಚಿ ಕೊಟ್ಟಿಗೆ ಅಟ್ಟಕ್ಕೆ ಏರಿಸಿದೆವು. ಬೋಲ್ಟುಗಳನ್ನು ಎಣ್ಣೆ ಸವರಿ ಒಂದು ಡಬ್ಬಿಗೆ ಹಾಕಿ ಅದೇ ಚೌಕಟ್ಟಿಗೆ ಕಟ್ಟಿಟ್ಟಿದ್ದೇವೆ.